ಶಾಲಾ ವೇದಿಕೆಯಲ್ಲಿ ನಮ್ಮ ಮಕ್ಕಳ ಹಾಡು: ತಡೆಯುವುದೇ, ತಿದ್ದುವುದೇ?

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ವಾರ್ಷಿಕೋತ್ಸವದ ಸಿದ್ಧತೆ ಆರಂಭವಾಗುತ್ತದೆ. ಅಷ್ಟರೊಳಗೆ ಸ್ವಾತಂತ್ರ್ಯೋತ್ಸವದ ದೇಶಭಕ್ತಿ ಗೀತೆ, ಪ್ರತಿಭಾ ಕಾರಂಜಿಯ ಸ್ಪರ್ಧೆಗಳು, ಕನ್ನಡ ರಾಜ್ಯೋತ್ಸವದ ಸಮೂಹಗಾನ ಎಲ್ಲವೂ ಮುಗಿದಿರುತ್ತವೆ; ಗಣರಾಜ್ಯೋತ್ಸವ ಮುಂದೆ ಕಾದಿರುತ್ತದೆ. ಇದೇ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ಏಳುತ್ತದೆ. ಮಗ ಶಾಲೆಯಲ್ಲಿ ಹಾಡಬಹುದೇ? ಮಗಳ ಹೆಸರನ್ನು ಸಮೂಹಗಾನಕ್ಕೆ ಕೊಡಬಹುದೇ?

ಇದಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಕೆಲವು ಮನೆಗಳಲ್ಲಿ ಹಾಡು ಎಂಬ ಪದ ಕಿವಿಗೆ ಬಿದ್ದೊಡನೆ 'ಬೇಡ' ಎಂದು ಮಾತು ಮುಗಿಸಲಾಗುತ್ತದೆ. ಇನ್ನು ಕೆಲವೆಡೆ ಯಾವ ಹಾಡು, ಯಾವ ಕುಣಿತ, ಯಾವ ಉಡುಗೆ ಎಂದು ಒಮ್ಮೆಯೂ ವಿಚಾರಿಸದೆ ಎಲ್ಲಕ್ಕೂ ಒಪ್ಪಿಗೆ ನೀಡಲಾಗುತ್ತದೆ. ಉಳಿದ ಮನೆಗಳಲ್ಲಿ ಉತ್ತರವೇ ಇರುವುದಿಲ್ಲ. ಅಲ್ಲಿ ಮಗು ತಾನೇ ಊಹಿಸಿಕೊಳ್ಳುತ್ತದೆ. ಹಾಡಿದರೆ ಮನೆಯಲ್ಲಿ ಮುಚ್ಚಿಡುತ್ತದೆ, ಹಾಡದಿದ್ದರೆ ಜ್ವರ ಬಂದಿತ್ತೆಂದು ಶಿಕ್ಷಕರಿಗೆ ಹೇಳುತ್ತದೆ. ಸಂಗೀತದ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿರಬಹುದು, ಆದರೆ ಸುಳ್ಳಿನ ಕುರಿತು ಯಾವ ಭಿನ್ನಾಭಿಪ್ರಾಯವೂ ಇಲ್ಲ. ಒಂದು ಚರ್ಚಾಸ್ಪದ ವಿಷಯದಿಂದ ಮಗುವನ್ನು ಕಾಪಾಡುವ ಭರದಲ್ಲಿ ನಿರ್ವಿವಾದವಾದ ಪಾಪದೊಳಕ್ಕೆ ಅದನ್ನು ದೂಡುತ್ತಿದ್ದೇವೆಯೇ ಎಂದು ನಾವು ಯೋಚಿಸಬೇಕಾಗಿದೆ.

ಮೊದಲು ಧರ್ಮಶಾಸ್ತ್ರದ ಸ್ಥಿತಿಯನ್ನು ಇದ್ದಂತೆಯೇ ತಿಳಿದುಕೊಳ್ಳೋಣ. ನಾಲ್ಕೂ ಮದ್‌ಹಬ್‌ಗಳ ಬಹುಸಂಖ್ಯಾತ ವಿದ್ವಾಂಸರು ತಂತಿವಾದ್ಯ ಮತ್ತು ಊದುವ ವಾದ್ಯಗಳನ್ನು ಸಮ್ಮತಿಸಿಲ್ಲ. ಮದುವೆ ಮತ್ತು ಈದ್‌ನಂತಹ ಸಂದರ್ಭಗಳಲ್ಲಿ ದಫ್‌ಗೆ ವಿನಾಯಿತಿ ನೀಡಿದ್ದಾರೆ. ಸೂರಃ ಲುಕ್ಮಾನ್‌ನ 6ನೇ ಸೂಕ್ತದಲ್ಲಿ ಅಲ್ಲಾಹನ ಮಾರ್ಗದಿಂದ ದಾರಿಗೆಡಿಸುವ ಮನಮೋಹಕ ಮಾತಿನ ಪ್ರಸ್ತಾಪವಿದೆ. ಅದರ ಇಂಗಿತ ಹಾಡುಗಾರಿಕೆ ಎಂದು ಹಝ್ರತ್ ಅಬ್ದುಲ್ಲಾ ಇಬ್ನು ಮಸ್‌ಊದ್(ರ) ವಿವರಿಸಿದ್ದಾರೆ. ಸಂಗೀತವಾದ್ಯಗಳನ್ನು ಸಮ್ಮತವೆಂದು ಪರಿಗಣಿಸುವ ಜನರು ಬರಲಿದ್ದಾರೆ ಎಂಬ ಎಚ್ಚರಿಕೆಯ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಇನ್ನೊಂದು ಕಡೆ, ಆ ಹದೀಸಿನ ವರದಿಗಾರರ ಸರಪಳಿಯಲ್ಲಿ ಕೊರತೆಯಿದೆಯೆಂದು ಆಕ್ಷೇಪಿಸಿದ ಇಬ್ನು ಹಝ್ಮ್ ಇದ್ದಾರೆ. ಅವರಿಗೆ ಉತ್ತರ ನೀಡಿದ ಇಬ್ನು ಹಜರ್ ಅವರಂತಹ ಹದೀಸ್ ವಿದ್ವಾಂಸರೂ ಇದ್ದಾರೆ. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಈ ವಿಷಯಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಹಾಡುವವರು ಯಾರು, ಬಳಸುವ ವಾದ್ಯ ಯಾವುದು, ಹಾಡಿನ ಮಾತು ಎಂತಹದು, ಕೇಳುವವನ ಮನಸ್ಸಿನ ಸ್ಥಿತಿ ಹೇಗಿದೆ ಎಂಬುದನ್ನು ನೋಡಿ ವಿಧಿಯನ್ನು ನಿರ್ಣಯಿಸಬೇಕೆಂಬುದು ಅವರ ನಿಲುವು. ಆದ್ದರಿಂದ ತಮ್ಮ ಮದ್‌ಹಬ್‌ನ ಅಭಿಪ್ರಾಯದಂತೆ ವಾದ್ಯಗಳಿಂದ ದೂರವಿರುವ ಕುಟುಂಬವನ್ನು ಯಾರೂ ಹಿಂದುಳಿದವರೆಂದು ಹೀಗಳೆಯಬಾರದು. ಹಾಗೆಯೇ ಇನ್ನೊಂದು ಅಭಿಪ್ರಾಯವನ್ನು ಅನುಸರಿಸುವವರನ್ನು ದಾರಿತಪ್ಪಿದವರೆಂದು ದೂರುವುದೂ ಸಲ್ಲದು.

ಆದರೆ ವಾದ್ಯದ ಪ್ರಶ್ನೆ ಬೇರೆ, ಮಗುವಿನ ಕಂಠದ ಪ್ರಶ್ನೆ ಬೇರೆ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಬದಿಗಿಡುವುದರಿಂದಲೇ ಗೊಂದಲವೆಲ್ಲ ಹುಟ್ಟಿದೆ. ಪ್ರವಾದಿವರ್ಯರ(ಸ) ಜೀವನದ ಎರಡು ಘಟನೆಗಳು ಇಲ್ಲಿ ನಮಗೆ ದಾರಿ ತೋರುತ್ತವೆ.

ಮೊದಲನೆಯದು ಈದ್ ದಿನದ ಘಟನೆ. ಹಝ್ರತ್ ಆಯಿಶಾರ(ರ) ಮನೆಯಲ್ಲಿ ಇಬ್ಬರು ಅನ್ಸಾರಿ ಬಾಲಕಿಯರು ಬುಆಸ್ ಯುದ್ಧದ ಹಾಡುಗಳನ್ನು ಹಾಡುತ್ತಿದ್ದರು. ಹಝ್ರತ್ ಅಬೂಬಕರ್(ರ) ಬಂದು ಗದರಿದಾಗ, ಪ್ರತಿ ಜನಾಂಗಕ್ಕೂ ಒಂದು ಹಬ್ಬವಿದೆ, ಇದು ನಮ್ಮ ಹಬ್ಬ, ಅವರನ್ನು ಬಿಟ್ಟುಬಿಡಿ ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಹೇಳಿದರು. ಅವರು ವೃತ್ತಿಗಾಯಕಿಯರಾಗಿರಲಿಲ್ಲ ಎಂಬುದನ್ನೂ ಅದೇ ಹದೀಸ್ ತಿಳಿಸುತ್ತದೆ.

ಎರಡನೆಯ ಘಟನೆ ಹಝ್ರತ್ ರುಬಯ್ಯಿಅ್ ಬಿಂತ್ ಮುಅವ್ವಿಝ್‌ರ(ರ) ಮದುವೆಯ ಸಂದರ್ಭದ್ದು. ಇದೂ ಸಹೀಹ್ ಬುಖಾರಿಯಲ್ಲಿದೆ. ಬಾಲಕಿಯರು ದಫ್ ಬಾರಿಸುತ್ತ ಬದ್ರ್‌ನಲ್ಲಿ ಹುತಾತ್ಮರಾದ ತಮ್ಮ ಹಿರಿಯರನ್ನು ನೆನೆದು ಹಾಡುತ್ತಿದ್ದರು. ಅವರಲ್ಲೊಬ್ಬಳು, ನಾಳೆ ಏನಾಗಲಿದೆ ಎಂಬುದನ್ನು ಬಲ್ಲ ಪ್ರವಾದಿ ನಮ್ಮ ನಡುವೆ ಇದ್ದಾರೆ ಎಂಬ ಅರ್ಥದ ಸಾಲನ್ನು ಸೇರಿಸಿದಳು. ಭವಿಷ್ಯದ ಜ್ಞಾನ ಅಲ್ಲಾಹನಿಗೆ ಮಾತ್ರ ಸೇರಿದ್ದು. ಪ್ರವಾದಿವರ್ಯರು(ಸ) ಆ ಸಾಲನ್ನು ಬಿಡುವಂತೆಯೂ, ಮೊದಲು ಹಾಡುತ್ತಿದ್ದುದನ್ನೇ ಮುಂದುವರಿಸುವಂತೆಯೂ ಹೇಳಿದರು.

ಹೆತ್ತವರು ಈ ಘಟನೆಯನ್ನು ಮತ್ತೆ ಮತ್ತೆ ಮನನ ಮಾಡಬೇಕು. ತಪ್ಪಾದದ್ದು ಸಣ್ಣ ವಿಷಯದಲ್ಲಲ್ಲ, ಅಖೀದಾದ ವಿಷಯದಲ್ಲಿ. ಆದರೂ ಪ್ರವಾದಿವರ್ಯರು(ಸ) ದಫ್ ಕಸಿದುಕೊಳ್ಳಲಿಲ್ಲ, ಮಕ್ಕಳನ್ನು ಗದರಿಸಿ ಓಡಿಸಲಿಲ್ಲ, ಮದುವೆಮನೆಯ ಸಂತೋಷವನ್ನು ಕೆಡಿಸಲಿಲ್ಲ. ಅಖೀದಾಕ್ಕೆ ವಿರುದ್ಧವಾದ ಸಾಲನ್ನು ಕಂಡು ಸುಮ್ಮನೆಯೂ ಇರಲಿಲ್ಲ. ಅವರು ಸಾಲನ್ನು ತಿದ್ದಿದರು, ಹಾಡು ಮುಂದುವರಿಯಿತು. ಹಾಗೆ ತಿದ್ದಲು ಸಾಧ್ಯವಾದದ್ದು ಅವರು ಆ ಹಾಡನ್ನು ಕಿವಿಗೊಟ್ಟು ಕೇಳಿದ್ದರಿಂದ. ಇಂದು ಶಾಲೆಯಲ್ಲಿ ಮಗು ಏನು ಹಾಡುತ್ತಿದೆ ಎಂಬುದನ್ನು ಕೇಳಿಸಿಕೊಳ್ಳುವ ಹೆತ್ತವರು ನಮ್ಮಲ್ಲಿ ಎಷ್ಟು ಮಂದಿಯಿದ್ದಾರೆ?

ಹಾಗಾದರೆ ನಮ್ಮ ಶಾಲಾ ವೇದಿಕೆಗಳಲ್ಲಿ ತಿದ್ದಬೇಕಾದದ್ದು ಯಾವುದು? ಬಹುತೇಕ ವಾರ್ಷಿಕೋತ್ಸವಗಳಲ್ಲಿ ಇಂದು ಮಕ್ಕಳು ಹಾಡುವುದೇ ಇಲ್ಲ. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಅಬ್ಬರಿಸುತ್ತದೆ, ಮಕ್ಕಳು ಅದರ ಕೆಳಗೆ ನಟನಟಿಯರ ಭಂಗಿಗಳನ್ನು ಅನುಕರಿಸುತ್ತಾರೆ. ಅನೇಕ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರೇ ಇಲ್ಲದಿರುವುದು ಇದಕ್ಕೊಂದು ಕಾರಣ. ಹದಿನಾಲ್ಕು ವರ್ಷದ ಮಗುವಿನ ಬಾಯಲ್ಲಿ ಹಿರಿಯರ ಕಾಮನೆಯ ಮಾತುಗಳನ್ನು ಇಡುವ ಹಾಡುಗಳಿಗೆ ನಮ್ಮ ವಿರೋಧ ಸ್ಪಷ್ಟವಾಗಿರಬೇಕು. ಇದರಲ್ಲಿ ನಾವು ಒಂಟಿಯೂ ಅಲ್ಲ, ಇದೇ ಬೇಸರವಿರುವ ಹಿಂದೂ, ಕ್ರೈಸ್ತ, ಜೈನ ಹೆತ್ತವರು ಪ್ರತಿ ಊರಿನಲ್ಲೂ ಇದ್ದಾರೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಅವರೊಂದಿಗೆ ಕುಳಿತು, ಮಕ್ಕಳು ತಮ್ಮ ಸ್ವಂತ ಕಂಠದಲ್ಲಿ ಒಳ್ಳೆಯ ಕವಿತೆಗಳನ್ನು ಹಾಡುವಂತಾಗಲಿ ಎಂದು ಕೇಳಿದರೆ ಅದನ್ನು ತಳ್ಳಿಹಾಕುವ ಮುಖ್ಯೋಪಾಧ್ಯಾಯರು ವಿರಳ.

ಎರಡನೆಯ ವಿಷಯ, ದೇವತಾಸ್ತುತಿಯ ಪ್ರಾರ್ಥನಾ ಗೀತೆಗಳದ್ದು. ಅಲ್ಲಾಹನ ಹೊರತು ಇತರರನ್ನು ಆರಾಧಿಸುವ ಮಾತನ್ನು ಮುಸ್ಲಿಮ್ ಮಗು ಆಡುವಂತಿಲ್ಲ. ಇದರಲ್ಲಿ ರಾಜಿಗೆ ಎಡೆಯಿಲ್ಲ, ಜಗಳದ ಅಗತ್ಯವೂ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ, ವಿದ್ಯಾರ್ಥಿ ಅಪ್ರಾಪ್ತನಾಗಿದ್ದರೆ ಪೋಷಕರ ಸಮ್ಮತಿಯಿಲ್ಲದೆ ಅವನನ್ನು ಧಾರ್ಮಿಕ ಆರಾಧನೆಯಲ್ಲಿ ಪಾಲ್ಗೊಳ್ಳಲು ಒತ್ತಾಯಿಸುವಂತಿಲ್ಲ ಎಂದು ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಕೇರಳದ ಮೂವರು ಕ್ರೈಸ್ತ ಮಕ್ಕಳು ತಮ್ಮ ಪಂಥದ ನಂಬಿಕೆಯ ಕಾರಣದಿಂದ ರಾಷ್ಟ್ರಗೀತೆಯನ್ನು ಹಾಡದೆ, ಆದರೆ ಗೌರವದಿಂದ ಎದ್ದು ನಿಂತಿರುತ್ತಿದ್ದರು. ಶಾಲೆ ಅವರನ್ನು ಹೊರಹಾಕಿತು. 1986ರಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ನಮಗೆ ರಾಷ್ಟ್ರಗೀತೆಯ ಕುರಿತು ಅಂತಹ ಅಡ್ಡಿಯೇನೂ ಇಲ್ಲ, ಅದನ್ನು ಹಾಡುತ್ತಲೇ ಬಂದಿದ್ದೇವೆ. ಈ ತೀರ್ಪಿನಿಂದ ನಾವು ಕಲಿಯಬೇಕಾದದ್ದು, ಮನಸ್ಸಾಕ್ಷಿಗೆ ಒಪ್ಪದ ಮಾತಿನ ಮುಂದೆ ಗೌರವಪೂರ್ವಕವಾಗಿ ಮೌನವಾಗಿ ನಿಲ್ಲುವುದೂ ಒಂದು ಹಕ್ಕು ಎಂಬುದನ್ನು. ನೆರೆಯವರ ಶ್ರದ್ಧೆಯನ್ನು ಹೀನಾಯಗೊಳಿಸಬಾರದೆಂದು ಸೂರಃ ಅಲ್ ಅನ್‌ಆಮ್‌ನ 108ನೇ ಸೂಕ್ತ ನಮಗೆ ಆಜ್ಞಾಪಿಸಿದೆ. ಆದ್ದರಿಂದ ಮಗುವಿಗೆ ಮೌನವನ್ನು ಕಲಿಸುವಾಗ ಮರ್ಯಾದೆಯನ್ನೂ ಕಲಿಸೋಣ.

ಇಷ್ಟನ್ನು ಬದಿಗಿಟ್ಟ ಮೇಲೆ ಉಳಿಯುವ ಕ್ಷೇತ್ರ ಬಹಳ ವಿಶಾಲವಾದದ್ದು. ಅದನ್ನು ನಾವು ಏಕೆ ಬಿಟ್ಟುಕೊಡಬೇಕು? ನವೆಂಬರ್ ತಿಂಗಳಲ್ಲಿ ಕರ್ನಾಟಕದ ಶಾಲೆಗಳು ಹಾಡುವ 'ನಿತ್ಯೋತ್ಸವ'ವನ್ನು ಬರೆದವರು ದೇವನಹಳ್ಳಿಯ ಕೆ.ಎಸ್. ನಿಸಾರ್ ಅಹಮದ್. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ 1978ರಲ್ಲಿ ಹೊರಬಂದ ಅದೇ ಹೆಸರಿನ ಧ್ವನಿಸುರುಳಿ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಹೆಸರಾಗಿದೆ. ಜನಪದ ಗೀತೆಯ ಸ್ಪರ್ಧೆಗಳಲ್ಲಿ ಕೇಳಿಬರುವ ತತ್ವಪದಗಳ ಶಿಶುನಾಳ ಶರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಮುಸ್ಲಿಮ್ ಮನೆಯೊಂದರಲ್ಲಿ ಜನಿಸಿದವರು. ಕುವೆಂಪು ರಚಿಸಿದ, 2004ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಗೀತೆ ಈ ನಾಡಿನ ಜನರನ್ನು ಎಣಿಸುವಾಗ ಮುಸಲ್ಮಾನರ ಹೆಸರನ್ನು ಮರೆತಿಲ್ಲ. ಇಡೀ ನಾಡು ನಿಸಾರರ ಕವಿತೆಯನ್ನು ಹಾಡುತ್ತಿರುವಾಗ ನಮ್ಮ ಮಗು ಮಾತ್ರ ತರಗತಿಯ ಮೂಲೆಯಲ್ಲಿ ಕುಳಿತಿದ್ದರೆ ಅದನ್ನು ತಕ್ವಾ ಎನ್ನಲಾಗದು, ಅದು ತಿಳಿವಳಿಕೆಯ ಕೊರತೆ.

ನಮ್ಮ ಮದ್ರಸಾಗಳು ಈ ವಿಷಯದಲ್ಲಿ ಶಾಲೆಗೆ ಕೊಡಬಲ್ಲದ್ದೂ ಇದೆ. ತಜ್‌ವೀದ್ ಕಲಿತ ಮಗು ಅಕ್ಷರದ ಮಖ್‌ರಜ್ ಯಾವುದು, ಉಸಿರನ್ನು ಎಲ್ಲಿ ನಿಲ್ಲಿಸಬೇಕು, ಸ್ವರವನ್ನು ಎಷ್ಟು ಎಳೆಯಬೇಕು ಎಂಬುದನ್ನು ಅರಿತಿರುತ್ತದೆ. ಕನ್ನಡದ ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಅಕಾರ ಹಕಾರಗಳನ್ನೂ ಸ್ಪಷ್ಟವಾಗಿ ಉಚ್ಚರಿಸಲು ಅದಕ್ಕಿಂತ ಉತ್ತಮ ಅಡಿಪಾಯ ಬೇಕೇ? ಕರಾವಳಿಯ ಮದ್ರಸಾಗಳಲ್ಲಿ ರಬೀವುಲ್ ಅವ್ವಲ್ ತಿಂಗಳಲ್ಲಿ ದಫ್, ಬುರ್ದಾ, ಬ್ಯಾರಿ ಹಾಡುಗಳನ್ನು ಅಭ್ಯಾಸ ಮಾಡುವ ಮಕ್ಕಳೇ ಬೆಳಿಗ್ಗೆ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ನಿಂತಿರುತ್ತಾರೆ. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ, 1957ರಿಂದ ನಡೆದುಬಂದ ಕೇರಳ ಶಾಲಾ ಕಲೋತ್ಸವದಲ್ಲಿ ದಫ್‌ಮುಟ್ಟು, ಮಾಪ್ಪಿಳಪ್ಪಾಟ್ಟುಗಳ ಅವಕಾಶವಿದೆ. ನಮ್ಮ ಪ್ರತಿಭಾ ಕಾರಂಜಿಯಲ್ಲೂ ಅರೇಬಿಕ್ ಧಾರ್ಮಿಕ ಪಠಣ, ಗಝಲ್, ಕವ್ವಾಲಿಗಳಿವೆ. ಆದರೆ ನಮ್ಮ ಮಕ್ಕಳನ್ನು ಇವಿಷ್ಟಕ್ಕೇ ಸೀಮಿತಗೊಳಿಸಬಾರದು. ಭಾವಗೀತೆ, ಕಂಠಪಾಠ, ದೇಶಭಕ್ತಿ ಗೀತೆಗಳಲ್ಲೂ ಅವರ ಹೆಸರಿರಲಿ. ಕಿರಾಅತ್ ಹಾಡಲ್ಲ, ಅದು ಇಬಾದತ್ ಎಂಬುದನ್ನು ಶಿಕ್ಷಕರಿಗೂ ತಿಳಿಸೋಣ. ಪಠಣ ನಡೆಯುವಾಗ ಸಭೆ ಮೌನವಾಗಿ ಆಲಿಸಲಿ, ಹಿನ್ನೆಲೆಯಲ್ಲಿ ವಾದ್ಯ ಇರದಿರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಪ್ರತಿ ಕುಟುಂಬ ತನ್ನ ಉಲಮಾರೊಂದಿಗೆ ಸಮಾಲೋಚಿಸಿ ತೀರ್ಮಾನಿಸಲಿ. ಪ್ರೌಢ ವಯಸ್ಸಿನ ಹುಡುಗಿ ಸಾರ್ವಜನಿಕ ವೇದಿಕೆಯಲ್ಲಿ ಒಬ್ಬಳೇ ಹಾಡುವುದನ್ನು ಅನೇಕ ವಿದ್ವಾಂಸರು ಸಮ್ಮತಿಸುವುದಿಲ್ಲ. ಆದರೆ 'ಬೇಡ' ಎನ್ನುವವರು ಅದರ ಬದಲಿಗೆ ಏನೆಂಬುದನ್ನೂ ಹೇಳಬೇಕು. ಕವನ ರಚನೆ, ಭಾಷಣ, ನಿರೂಪಣೆ, ವಿದ್ಯಾರ್ಥಿನಿಯರಿಗಾಗಿಯೇ ನಡೆಯುವ ಕಾರ್ಯಕ್ರಮದಲ್ಲಿ ಹಾಡು, ಹೀಗೆ ಬಾಗಿಲುಗಳಿವೆ. ಮಗಳ ದೇಶಭಕ್ತಿ ಗೀತೆಗೆ ತಡೆಯೊಡ್ಡಿ, ಮಗ ಅದೇ ವೇದಿಕೆಯಲ್ಲಿ ಅಸಭ್ಯ ಸಿನಿಮಾ ಹಾಡಿಗೆ ಕುಣಿದಾಗ ಮೊಬೈಲ್‌ನಲ್ಲಿ ಚಿತ್ರೀಕರಿಸುವ ತಂದೆಯ ನ್ಯಾಯ ಯಾವ ಮದ್‌ಹಬ್‌ನದು? ಲಜ್ಜೆ ಗಂಡಿಗೂ ಹೆಣ್ಣಿಗೂ ಸಮಾನವಾದ ಕರ್ತವ್ಯ.

ಮಕ್ಕಳು ನಮ್ಮ ಮಾತಿಗಿಂತ ನಡತೆಯನ್ನು ಹೆಚ್ಚು ಗಮನಿಸುತ್ತಾರೆ. ಶಾಲೆಯ ಭಾವಗೀತೆ ಹರಾಮ್ ಎಂದು ಕೇಳಿದ ಮಗು, ಅದೇ ತಿಂಗಳು ಚಿಕ್ಕಪ್ಪನ ಮದುವೆಯಲ್ಲಿ ಮಧ್ಯರಾತ್ರಿಯವರೆಗೆ ಡಿಜೆ ಅಬ್ಬರಿಸುವುದನ್ನು ಕಾಣುತ್ತದೆ. ಆಗ ಅದರ ಮನಸ್ಸಿನಲ್ಲಿ ಬಿರುಕು ಬಿಡುವುದು ಸಂಗೀತದ ಕುರಿತ ನಂಬಿಕೆಯಲ್ಲ, ಧರ್ಮವನ್ನು ಹೇಳುವ ಹಿರಿಯರ ಮೇಲಿನ ನಂಬಿಕೆ. ಆದ್ದರಿಂದ ತಿದ್ದುವ ಕೆಲಸ ನಮ್ಮ ಮದುವೆ ಹಾಲ್‌ಗಳಿಂದಲೇ ಆರಂಭವಾಗಲಿ.

ಕೊನೆಯದಾಗಿ ಕೆಲವು ವ್ಯಾವಹಾರಿಕ ಮಾತುಗಳು. ಕಾರ್ಯಕ್ರಮದ ಪಟ್ಟಿ ಅಂತಿಮವಾಗುವ ಮೊದಲೇ ಶಿಕ್ಷಕರನ್ನು ಭೇಟಿಯಾಗಿ ಹಾಡಿನ ಸಾಹಿತ್ಯವನ್ನು ಕೇಳಿ ಪಡೆಯಿರಿ. ಒಪ್ಪದ ಸಾಲಿದ್ದರೆ ಬೇರೆ ಹಾಡನ್ನು ನೀವೇ ಸೂಚಿಸಿ. ವಾದ್ಯ ಬೇಡವೆಂದಿದ್ದರೆ ಕಂಠದಿಂದ ಮಾತ್ರ ಹಾಡುವ ಅವಕಾಶವನ್ನು ವಿನಯದಿಂದ ಕೇಳಿ. ಡಿಸೆಂಬರ್‌ನಲ್ಲಿ ಮಗ್ರಿಬ್ ಸಂಜೆ ಆರು ಗಂಟೆಯ ಆಸುಪಾಸಿಗೇ ಆಗುತ್ತದೆ, ವಾರ್ಷಿಕೋತ್ಸವ ಆರಂಭವಾಗುವುದೂ ಹೆಚ್ಚಾಗಿ ಆಗಲೇ. ನಮಾಝ್‌ಗೆ ಹತ್ತು ನಿಮಿಷ ಮತ್ತು ಒಂದು ಕೋಣೆಯನ್ನು ಮೊದಲೇ ಕೇಳಿಕೊಳ್ಳಿ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಿದೆ. 2028ರಲ್ಲಿ ಅದು ಜನವರಿ ಕೊನೆಗೆ ಆರಂಭವಾಗಲಿದೆ, 2030ರಲ್ಲಿ ಜನವರಿ ಮೊದಲ ವಾರಕ್ಕೆ ಬರಲಿದೆ. ಉಪವಾಸ, ತರಾವೀಹ್ ಮತ್ತು ಶಾಲೆಯ ತಾಲೀಮು ಒಂದೇ ದಿನಗಳಲ್ಲಿ ಎದುರಾಗುವ ವರ್ಷಗಳು ಹತ್ತಿರದಲ್ಲಿವೆ. ಮಸೀದಿ ಸಮಿತಿಗಳು ಊರಿನ ಶಾಲೆಗಳೊಂದಿಗೆ ಈಗಲೇ ಮಾತನಾಡಿದರೆ ಮಕ್ಕಳು ಎರಡರ ನಡುವೆ ನಲುಗುವುದು ತಪ್ಪುತ್ತದೆ.

ಕಂಠ ಅಲ್ಲಾಹನು ನೀಡಿದ ಅಮಾನತ್. ಅದನ್ನು ಅಸಭ್ಯತೆಗೆ ಒಪ್ಪಿಸುವುದು ಅಮಾನತ್‌ಗೆ ಬಗೆಯುವ ದ್ರೋಹ. ಹೆದರಿಕೆಯಿಂದ ಅದನ್ನು ಮುಚ್ಚಿಸಿಬಿಡುವುದು ಅದರ ರಕ್ಷಣೆಯಲ್ಲ. ಆ ಮದುವೆಮನೆಯಲ್ಲಿ ಪ್ರವಾದಿವರ್ಯರು(ಸ) ತೋರಿದ ಮಾರ್ಗ ನಮ್ಮ ಮುಂದಿದೆ. ಈ ಬಾರಿ ಮಗು ಹಾಡಿನ ಚೀಟಿಯನ್ನು ಮನೆಗೆ ತಂದಾಗ ಅದನ್ನು ಕೈಗೆತ್ತಿಕೊಂಡು ಓದೋಣ, ಪಕ್ಕದಲ್ಲಿ ಕುಳ್ಳಿರಿಸಿ ಹಾಡಿಸಿ ಕೇಳೋಣ, ತಿದ್ದಬೇಕಾದುದನ್ನು ಪ್ರೀತಿಯಿಂದ ತಿದ್ದೋಣ. ನಮ್ಮ ಮಕ್ಕಳ ನಾಲಗೆಯನ್ನೂ ಕಂಠವನ್ನೂ ಅಲ್ಲಾಹನು ಒಳಿತಿನ ಮಾರ್ಗದಲ್ಲಿ ಬಳಸಿಕೊಳ್ಳಲಿ. ಆಮೀನ್.