ಯಾವ ಚುಕ್ಕೆ ಯಾವ ವಿಮಾನದ್ದು?

ರೇಡಾರಿನ ಪರದೆಯ ಮೇಲೆ ಮೂಡುವ ಚುಕ್ಕೆಗೆ ಹೆಸರಿಲ್ಲ. ರೇಡಿಯೋ ಅಲೆಯು ಯಾವುದೋ ವಸ್ತುವಿಗೆ ತಾಗಿ ಹಿಂದಿರುಗಿತೆಂಬುದಷ್ಟನ್ನೇ ಅದು ಸಾರುತ್ತದೆ. ಹಕ್ಕಿಗಳ ಹಿಂಡು, ಮಳೆಯ ಮೋಡಗಳೂ ಇಂತಹ ಚುಕ್ಕೆಗಳನ್ನು ಮೂಡಿಸಬಲ್ಲವು.

ರೇಡಾರು ಐದು ಸೆಕೆಂಡಿಗೊಮ್ಮೆ ಸುತ್ತುವುದೆಂದು ಭಾವಿಸೋಣ. ಗಂಟೆಗೆ 900 ಕಿಲೋಮೀಟರು ವೇಗದ ವಿಮಾನವು ಅಷ್ಟರಲ್ಲಿ 1,250 ಮೀಟರು ಸಾಗಿರುತ್ತದೆ. ಹಿಂದಿನ ಸುತ್ತಿನಲ್ಲಿ ಮೂರು ಚುಕ್ಕೆಗಳಿದ್ದುವು. ಈ ಸುತ್ತಿನಲ್ಲಿಯೂ ಮೂರು. ಯಾವುದು ಯಾವುದರ ಮುಂದುವರಿಕೆ? ಜೋಡಿಸಬಹುದಾದ ಬಗೆಗಳು 6. ಹತ್ತು ಚುಕ್ಕೆಗಳಾದರೆ 36,28,800! ಸಮೀಪದ ಚುಕ್ಕೆಯನ್ನು ಆರಿಸುವುದು ಸುಲಭೋಪಾಯವೇನೋ ಅಹುದು. ಆದರೆ ಎರಡು ವಿಮಾನಗಳ ಹಾದಿಗಳು ಅಡ್ಡಹಾಯುವೆಡೆ ಅದು ಒಂದರ ಗುರುತನ್ನು ಇನ್ನೊಂದಕ್ಕೆ ಅಂಟಿಸಿಬಿಡಬಹುದು.

ಡೊನಾಲ್ಡ್ ರೀಡ್ 1979ರಲ್ಲಿ ಪ್ರಕಟಿಸಿದ ವಿಧಾನವು ಹೀಗೆ ಆತುರಪಡುವುದಿಲ್ಲ. ಹಲವು ಜೋಡಣೆಗಳನ್ನು ಊಹೆಗಳಾಗಿ ಉಳಿಸಿಕೊಂಡು, ಪ್ರತಿಯೊಂದರ ಸಂಭಾವ್ಯತೆಯನ್ನು ಎಣಿಸಿ, ಮುಂದಿನ ಸುತ್ತುಗಳ ಸಾಕ್ಷ್ಯ ದೊರೆತಂತೆ ದುರ್ಬಲವಾದವನ್ನು ಕೈಬಿಡುತ್ತದೆ. ಗಣಕಯಂತ್ರಕ್ಕೆ ಇದರಿಂದ ಹೊರೆ ಹೆಚ್ಚು.

ಆ ಹೊರೆ ವ್ಯರ್ಥವಲ್ಲ. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಪ್ರಯಾಣಿಕ ವಿಮಾನವೊಂದನ್ನು ಕ್ಷಿಪಣಿಗಳಿಂದ ಕೆಡವಿತು. 290 ಜನರು ಮಡಿದರು. ಬಂದರ್ ಅಬ್ಬಾಸಿನಿಂದ ಹೊರಟು ಮೇಲೇರುತ್ತಿದ್ದ ಅದನ್ನು ನೌಕೆಯವರು ಎಫ್-14 ಯುದ್ಧವಿಮಾನವೆಂದು ಬಗೆದಿದ್ದರು. ಅನರ್ಥಕ್ಕೆ ಕಾರಣಗಳು ಹಲವು. ನಿಲ್ದಾಣದಲ್ಲಿದ್ದ ಬೇರೊಂದು ಸೈನಿಕ ವಿಮಾನದ ಗುರುತಿನ ಸಂಕೇತವು ಇದರ ಲೆಕ್ಕಕ್ಕೆ ಸೇರಿಕೊಂಡಿರಬಹುದೆಂಬುದು ಅವುಗಳಲ್ಲಿ ಒಂದು. ಹಾಗಿದ್ದಲ್ಲಿ ಸಂಕೇತವೂ ನಿಜ, ರೇಡಾರಿನ ಚುಕ್ಕೆಯೂ ನಿಜ. ತಪ್ಪಿದುದು ಅವೆರಡರ ಜೋಡಣೆ.

ಆದುದರಿಂದ ಇಂತಹ ಯಂತ್ರಗಳ ಹಿರಿಮೆಯನ್ನು ಅವು ಎಷ್ಟು ದೂರ ಕಾಣಬಲ್ಲುವೆಂಬುದರಿಂದ ಮಾತ್ರ ಅಳೆಯಬಾರದು. ತಮ್ಮ ಸಂದೇಹವನ್ನು ಅವು ಮುಚ್ಚುಮರೆಯಿಲ್ಲದೆ ತೋರಿಸಬೇಕು. ತುರ್ತು ಗಳಿಗೆಯಲ್ಲಿ ಸಂದೇಹಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ನಿರ್ಧಾರವನ್ನು ಬೇಗ ಕೈಕೊಳ್ಳಬೇಕಾದುದು ಸರಿಯೆ. ಆದರೆ ಅರೆನಿಜವನ್ನು ಪೂರ್ಣನಿಜದ ವೇಷದಲ್ಲಿ ಮುಂದಿಟ್ಟರೆ ನಿರ್ಧರಿಸುವವನು ಕುರುಡನಾಗುತ್ತಾನೆ.

ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ಅಳತೆಯಲ್ಲಿ ಎಷ್ಟು ತಪ್ಪಿರಬಹುದೆಂದು ಬರೆಯಲು ಕಲಿಯುತ್ತಾರೆ. ಆ ಅಳತೆ ಯಾವ ವಸ್ತುವಿನದೆಂಬ ಪ್ರಶ್ನೆಯನ್ನೂ ಅವರು ಕೇಳಲು ಕಲಿಯಲಿ. ಚಾಲಕನಿಲ್ಲದ ಕಾರು ರಸ್ತೆಯ ಮೇಲಿನ ಜನರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ನೋಡಬೇಕಾದ ಈ ಕಾಲದಲ್ಲಿ, ಆ ಪ್ರಶ್ನೆ ಯುದ್ಧನೌಕೆಗಳಿಗೆ ಮಾತ್ರ ಸೇರಿದುದಲ್ಲ.