ಕಸಿ ಗೆದ್ದ ಮೇಲೆ ಹೊಣೆ ಯಾರದು?

ಕಿಡ್ನಿ ಕಸಿ ಮಾಡಿಸಿಕೊಂಡು ಊರಿಗೆ ಹೊರಟವರಿಗೆ ವೈದ್ಯರು ತಪ್ಪದೆ ಹೇಳುವ ಮಾತೊಂದಿದೆ: ಧೂಳು, ಮಣ್ಣಿನಿಂದ ದೂರ ಇರಿ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದ ರೈತ ಇದನ್ನು ಪಾಲಿಸಬೇಕಾದರೆ ದುಡಿಮೆಯನ್ನೇ ಬಿಡಬೇಕು. ಕಡಲೆ ರಾಶಿ, ಹೊಟ್ಟಿನ ಬಣವೆ, ತಿಪ್ಪೆ, ಹಸಿ ಹಿಡಿದ ಶೇಂಗಾ, ಹಳೆಯ ಹಗೇವು ಎಲ್ಲವೂ ಬೂಷ್ಟು ಬೆಳೆಯುವ ಜಾಗಗಳು. ಸಲಹೆಯೇನೋ ಸರಿ. ಪಾಲಿಸುವ ದಾರಿ ತೋರಿಸದೆ ಕೈತೊಳೆದುಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಬೂಷ್ಟಿನ ಕಣಗಳನ್ನು ನಾವೆಲ್ಲರೂ ದಿನಾ ಉಸಿರಾಡುತ್ತೇವೆ. ರಕ್ತದ ಬಿಳಿಕಣಗಳು ಅವನ್ನು ಅಲ್ಲಲ್ಲೇ ಮುಗಿಸುತ್ತವೆ. ಕಸಿಯಾದವರು ಟ್ಯಾಕ್ರೋಲಿಮಸ್, ಪ್ರೆಡ್ನಿಸೊಲೋನ್‌ನಂಥ ಗುಳಿಗೆಗಳನ್ನು ನುಂಗುತ್ತಲೇ ಇರಬೇಕು, ಬಿಟ್ಟರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುತ್ತದೆ. ಅದೇ ಗುಳಿಗೆಗಳು ಈ ಕಾವಲನ್ನೂ ಸಡಿಲಿಸುತ್ತವೆ. ಅದರ ಮೇಲೆ ಇನ್‌ಫ್ಲುಯೆಂಜಾ ಅಥವಾ ಕೋವಿಡ್ ಬಂತೆಂದರೆ ಶ್ವಾಸನಾಳದ ಒಳಪದರ ಹಾಳಾಗಿ, ಆಸ್ಪರ್ಜಿಲಸ್ ಎಂಬ ಬೂಷ್ಟು ಪುಪ್ಪುಸದಲ್ಲಿ ಬೇರೂರಬಹುದು. ಸ್ಟೆರಾಯ್ಡ್ ಮತ್ತು ಟ್ಯಾಕ್ರೋಲಿಮಸ್ ಎರಡೂ ರಕ್ತದ ಸಕ್ಕರೆ ಏರಿಸುತ್ತವೆ. ಸಕ್ಕರೆ ಏರಿದ ದೇಹ ಮ್ಯೂಕರ್ ಶಿಲೀಂಧ್ರಕ್ಕೆ ಹದವಾದ ನೆಲ.

2021ರ ಎರಡನೇ ಅಲೆಯಲ್ಲಿ ಆ ಮ್ಯೂಕರ್ 'ಬ್ಲ್ಯಾಕ್ ಫಂಗಸ್' ಎಂಬ ಹೆಸರಿನಲ್ಲಿ ಮನೆಮನೆಗೆ ಗೊತ್ತಾಯಿತು. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಸುತ್ತಲಿನ ಜಿಲ್ಲೆಗಳ ರೋಗಿಗಳೂ ಚಿಕಿತ್ಸೆ ಪಡೆದರು. ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ನಾಡೆಲ್ಲ ಪರದಾಡಿತು. ಆಗ ನರಳಿದವರಲ್ಲಿ ಬಹುಪಾಲು ಸಕ್ಕರೆ ಕಾಯಿಲೆಯವರು, ಸ್ಟೆರಾಯ್ಡ್ ಪಡೆದವರು. ಅಲೆ ಇಳಿದ ಮೇಲೆ ಉಳಿದವರು ಆ ಭಯ ಮರೆತರು. ಕಸಿಯಾದವರಿಗೆ ಆ ಬಿಡುವಿಲ್ಲ.

ಇವರ ಚಿಕಿತ್ಸೆಯೂ ಬಲು ತೊಡಕಿನದು. ಆಂಫೊಟೆರಿಸಿನ್ ಕಷ್ಟಪಟ್ಟು ಪಡೆದ ಕಿಡ್ನಿಗೇ ಪೆಟ್ಟು ಕೊಡಬಲ್ಲದು. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದಿಲ್ಲ. ಸಾಲದ್ದಕ್ಕೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ಹಾಗಾಗಿ ಟ್ಯಾಕ್ರೋಲಿಮಸ್ ಅನ್ನು ಸುಮಾರು ಮೂರನೇ ಒಂದು ಪಾಲಿಗೆ ಇಳಿಸಿ, ಮತ್ತೆ ಮತ್ತೆ ರಕ್ತ ಪರೀಕ್ಷಿಸಬೇಕು. ಯಾವ ಬೂಷ್ಟು ಎಂದು ತಿಳಿಯದೆ ಔಷಧ ಕೊಡುವುದು ಹೇಗೆ?

ಇಷ್ಟೆಲ್ಲ ಹಳ್ಳಿಗೆ ತರಲಾದೀತೆ ಎಂದು ಕೆಲವರು ಕೇಳುತ್ತಾರೆ. ಕುಂದಗೋಳದಲ್ಲೋ ಕಲಘಟಗಿಯಲ್ಲೋ ಕಸಿ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕಸಿಯಾದವರ ಹೆಸರಿನ ಒಂದು ಪುಸ್ತಕವಿರಲಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಪುಕ್ಕಟೆ ಸಿಗಲಿ. ಕೆಮ್ಮು ಬಂದ ದಿನವೇ ಕಸಿ ಮಾಡಿದ ವೈದ್ಯರೊಂದಿಗೆ ಮಾತಾಡಿ, ಕಫದ ಮಾದರಿ ಹುಬ್ಬಳ್ಳಿಗೆ ಕಳಿಸುವ ಏರ್ಪಾಡಿರಲಿ. ರಾಶಿ ಕೆಲಸ ಬಿಟ್ಟವನ ಮನೆಗೆ ಒಂದಿಷ್ಟು ಮಾಸಾಶನ ಬರಲಿ. ಇದನ್ನೂ ನಾನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ. ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆಯನ್ನು ಮಾಡಿಸಿ, ಅದನ್ನು ಕಾಯುವ ಸಣ್ಣ ಖರ್ಚಿಗೆ ಹಿಂದೆಗೆಯುವುದು ಅನ್ಯಾಯ.

ನಿಮ್ಮ ಓಣಿಯಲ್ಲಿ ಕಿಡ್ನಿ ಕಸಿಯಾದವರು ಇದ್ದರೆ ಇಷ್ಟು ಹೇಳಿ: ಈ ಗುಳಿಗೆ ನುಂಗುವವರಲ್ಲಿ ಜ್ವರ ಜೋರಾಗಿ ಕಾಣದೆಯೂ ಇರಬಹುದು. ಕೆಮ್ಮು, ಮುಖದ ಒಂದು ಬದಿಯ ನೋವು, ಮೂಗಿನಲ್ಲಿ ಕಪ್ಪು ಕಂಡರೆ ಊರಲ್ಲಿ ಸೂಜಿ ಮಾಡಿಸಿಕೊಂಡು ಕಾಯಬೇಡಿ, ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಲೂಬೇಡಿ. ಅಂದೇ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ.