ವಿಎಂ ಒಳಗಿನ ವಿಂಡೋಸ್‌ಗೆ ಕ್ರ್ಯಾಕ್ ಯಾಕೆ?

ಮೈಕ್ರೋಕಂಟ್ರೋಲರ್ ಲ್ಯಾಬ್ ಶುರುವಾದಾಗಿಂದ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಫೈಲ್ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟ್ತಾ ಇದೆ. ಸೀನಿಯರ್ಸ್ ಕೊಟ್ಟಿರೋ ರೆಡಿಮೇಡ್ ವರ್ಚುವಲ್ ಮಷೀನ್. ವರ್ಚುವಲ್‌ಬಾಕ್ಸ್‌ನಲ್ಲಿ ಇಂಪೋರ್ಟ್ ಮಾಡಿದ್ರೆ ಒಳಗೆ ವಿಂಡೋಸ್, ವಿಂಡೋಸ್ ಒಳಗೆ ಕೀಲ್, ಡೆಸ್ಕ್‌ಟಾಪ್ ಮೇಲೆ ಒಂದು ಆಕ್ಟಿವೇಟರ್. ಇದು ಸರೀನಾ ಅಂತ ಯಾರನ್ನ ಕೇಳಿದ್ರೂ ಒಂದೇ ಉತ್ತರ: ‘ವಿಎಂ ಒಳಗೆ ತಾನೆ ಮಗಾ, ಏನಾಗುತ್ತೆ?’

ನನ್ನ ತಕರಾರು ಇರೋದು ಈ ‘ವಿಎಂ ಒಳಗೆ ತಾನೆ’ ಅನ್ನೋ ಮಾತಿನ ಮೇಲೆ. ಕದಿಯೋದು ಪಾಪ ಅಂತ ಭಾಷಣ ಮಾಡೋ ಆಸೆ ಇಲ್ಲ. ವಿಂಡೋಸ್ ಪ್ರೊ ಲೈಸೆನ್ಸ್ ಬೆಲೆ ನಮ್ಮಲ್ಲಿ ಎಷ್ಟೋ ಜನರ ಒಂದು ತಿಂಗಳ ಪಿಜಿ ಬಾಡಿಗೆಗಿಂತ ಜಾಸ್ತಿ, ಅದು ನನಗೂ ಗೊತ್ತು. ಆದ್ರೆ ನನ್ನ ಪ್ರಕಾರ ಕ್ರ್ಯಾಕ್‌ನ ಅಗತ್ಯ ಎಲ್ಲಕ್ಕಿಂತ ಕಡಿಮೆ ಇರೋ ಜಾಗವೇ ವಿಎಂ.

ಮೊದಲು ಒಂದು ಗೊಂದಲ ಬಗೆಹರಿಸೋಣ. ‘ನನ್ನ ಲ್ಯಾಪ್‌ಟಾಪ್ ಜೊತೆ ಒರಿಜಿನಲ್ ವಿಂಡೋಸ್ ಬಂದಿದೆ, ಈಗ ಉಬುಂಟು ಹಾಕಿ ವಿಎಂನಲ್ಲಿ ವಿಂಡೋಸ್ ಓಡಿಸ್ತಿದೀನಿ, ಅದೇ ಲೈಸೆನ್ಸ್ ಸಾಕಲ್ವಾ?’ ಅಂತ ಕೇಳೋರು ಬಹಳ. ಸಾಕಾಗಲ್ಲ. ಮೈಕ್ರೋಸಾಫ್ಟ್‌ನ ಲೈಸೆನ್ಸ್ ಪತ್ರ ಹೇಳೋದು ಒಂದು ಲೈಸೆನ್ಸ್‌ಗೆ ಒಂದು ಯಂತ್ರ ಅಂತ. ಆ ಯಂತ್ರ ಕೈಗೆ ಸಿಗೋದಾದ್ರೂ ಅಷ್ಟೇ, ವರ್ಚುವಲ್ ಆದ್ರೂ ಅಷ್ಟೇ, ಎರಡಿದ್ರೆ ಎರಡು ಲೈಸೆನ್ಸ್. ಲ್ಯಾಪ್‌ಟಾಪ್ ಜೊತೆ ಬಂದ ಲೈಸೆನ್ಸ್ ಅಂತೂ ಆ ಲ್ಯಾಪ್‌ಟಾಪ್‌ಗೇ ಅಂಟಿಕೊಂಡಿರುತ್ತೆ. ತಾಂತ್ರಿಕವಾಗಿಯೂ ಹಾಗೇ. ಆಕ್ಟಿವೇಶನ್ ನೋಡೋದು ಮದರ್‌ಬೋರ್ಡ್ ಮುಂತಾದ ಹಾರ್ಡ್‌ವೇರ್ ಗುರುತುಗಳನ್ನ. ವಿಎಂ ಒಳಗಿನ ವಿಂಡೋಸ್‌ಗೆ ನಿಮ್ಮ ಅಸಲಿ ಮದರ್‌ಬೋರ್ಡ್ ಕಾಣೋದೇ ಇಲ್ಲ, ವರ್ಚುವಲ್‌ಬಾಕ್ಸ್ ತೋರಿಸೋ ನಕಲಿ ಹಾರ್ಡ್‌ವೇರ್ ಅಷ್ಟೇ ಕಾಣುತ್ತೆ. ಅದರ ಪಾಲಿಗೆ ಅದು ಬೇರೆಯದೇ ಕಂಪ್ಯೂಟರ್. ವಿಎಂವೇರ್‌ನಲ್ಲಿ ಕಾಪಿ ಮಾಡಿದ ವಿಎಂ ತೆರೆದಾಗ ‘ಮೂವ್ ಮಾಡಿದ್ರಾ, ಕಾಪಿ ಮಾಡಿದ್ರಾ’ ಅಂತ ಕೇಳುತ್ತಲ್ಲ, ಕಾಪಿ ಅಂದ್ರೆ ಹೊಸ ಗುರುತಿನ ಸಂಖ್ಯೆ, ಹೊಸ ಮ್ಯಾಕ್ ಅಡ್ರೆಸ್ ಹುಟ್ಟುತ್ತೆ. ಸರಿಯಾಗಿ ಆಕ್ಟಿವೇಟ್ ಆಗಿದ್ದ ವಿಂಡೋಸ್ ಕೂಡ ಆಗ ಮತ್ತೆ ಆಕ್ಟಿವೇಟ್ ಮಾಡಿ ಅಂತ ರಗಳೆ ತೆಗೀಬಹುದು.

ಇನ್ನೊಂದು ವಿಷಯ, ಇದನ್ನ ನಮಗೆ ಯಾರೂ ಬಿಡಿಸಿ ಹೇಳಲ್ಲ: ಆಕ್ಟಿವೇಶನ್ ಬೇರೆ, ಲೈಸೆನ್ಸ್ ಬೇರೆ. ಆಕ್ಟಿವೇಶನ್ ಅಂದ್ರೆ ಬಸ್ಸಲ್ಲಿ ಕಂಡಕ್ಟರ್ ಬಂದು ಕೇಳೋದು, ಲೈಸೆನ್ಸ್ ಅಂದ್ರೆ ಟಿಕೆಟ್. ಕಂಡಕ್ಟರ್ ಕಣ್ಣು ತಪ್ಪಿಸಿದ ಮಾತ್ರಕ್ಕೆ ಜೇಬಿಗೆ ಟಿಕೆಟ್ ಬರಲ್ಲ. ನೆಟ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಕೀ ಮಾರ್ತಾರಲ್ಲ, ಅವು ಆಕ್ಟಿವೇಟ್ ಆಗಬಹುದು. ಬಹಳಷ್ಟು ಸಲ ಅವು ಯಾವುದೋ ಸಂಸ್ಥೆಗೆ ಸಗಟಾಗಿ ಕೊಟ್ಟ ಕೀಗಳು. ದುಡ್ಡೂ ಹೋಯ್ತು, ಟಿಕೆಟೂ ಇಲ್ಲ.

ಈಗ ಆ ಆಕ್ಟಿವೇಟರ್ ವಿಷಯಕ್ಕೆ ಬರ್ತೀನಿ. ದೊಡ್ಡ ಸಂಸ್ಥೆಗಳಲ್ಲಿ ನೂರಾರು ಕಂಪ್ಯೂಟರ್‌ಗಳನ್ನ ಒಂದೊಂದಾಗಿ ಆಕ್ಟಿವೇಟ್ ಮಾಡೋ ಬದಲು ತಮ್ಮದೇ ನೆಟ್‌ವರ್ಕ್‌ನಲ್ಲಿ ಕೆಎಂಎಸ್ ಅನ್ನೋ ಸರ್ವರ್ ಇಟ್ಕೊಳ್ತಾರೆ. ಕನಿಷ್ಠ 25 ಕಂಪ್ಯೂಟರ್ ಬಂದು ಕೇಳಿದ ಮೇಲೇ ಅದು ವಿಂಡೋಸ್‌ನ ಆಕ್ಟಿವೇಟ್ ಮಾಡೋಕೆ ಶುರು ಮಾಡೋದು. ಒಮ್ಮೆ ಆದ್ರೆ 180 ದಿನ ಬಾಳುತ್ತೆ, 7 ದಿನಕ್ಕೊಮ್ಮೆ ಕಂಪ್ಯೂಟರ್ ತಾನೇ ಹೋಗಿ ನವೀಕರಿಸಿಕೊಂಡು ಬರುತ್ತೆ. ಹಾಸ್ಟೆಲ್‌ನಲ್ಲಿ ಓಡಾಡೋ ಆಕ್ಟಿವೇಟರ್‌ಗಳಲ್ಲಿ ಹೆಚ್ಚಿನವು ಮಾಡೋದು ಇದರ ನಾಟಕ: ನಿಮ್ಮ ಯಂತ್ರದ ಒಳಗೇ ಒಂದು ಸುಳ್ಳು ಕೆಎಂಎಸ್ ಕೂರಿಸಿ, ವಿಂಡೋಸ್‌ನ ಅದರ ಹತ್ತಿರ ಕಳಿಸೋದು. ಐಡಿಯಾ ಮಾತ್ರ ಚೆನ್ನಾಗಿದೆ, ಒಪ್ಕೋಬೇಕು. ಆದ್ರೆ ಈ ನಾಟಕಕ್ಕೆ ಟಿಕೆಟ್ ಏನು ಗೊತ್ತಾ? ಡಿಫೆಂಡರ್ ಆಫ್ ಮಾಡಿ, ಅಡ್ಮಿನ್ ಆಗಿ ರನ್ ಮಾಡಿ. ಯಾರು ಬರೆದಿದ್ದು, ಎಷ್ಟು ಕೈ ದಾಟಿ ಬಂದಿದ್ದು, ಮಧ್ಯೆ ಯಾರಾದ್ರೂ ಏನಾದ್ರೂ ಸೇರಿಸಿದಾರಾ ಅಂತ ಕೊಟ್ಟ ಸೀನಿಯರ್‌ಗೂ ಗೊತ್ತಿಲ್ಲ.

‘ಅದಕ್ಕೇ ತಾನೆ ವಿಎಂನಲ್ಲಿ ರನ್ ಮಾಡೋದು!’ ಅಂತೀರಿ. ಸರಿ, ಆ ವಿಎಂನ ಸೆಟ್ಟಿಂಗ್ಸ್ ಒಮ್ಮೆ ತೆಗೆದು ನೋಡಿ. ಲ್ಯಾಬ್ ಪ್ರೋಗ್ರಾಮ್ ಆಚೆ ಈಚೆ ಸಾಗಿಸೋಕೆ ಶೇರ್ಡ್ ಫೋಲ್ಡರ್ ಕೊಟ್ಟಿರ್ತೀರಿ, ಅದೂ ಕೆಲವರು ಇಡೀ ಹೋಮ್ ಫೋಲ್ಡರನ್ನೇ. ಕ್ಲಿಪ್‌ಬೋರ್ಡ್ ಎರಡೂ ಕಡೆ ತೆರೆದಿರುತ್ತೆ. ನೆಟ್‌ವರ್ಕ್ ಬ್ರಿಡ್ಜ್ಡ್ ಮಾಡಿದ್ರೆ ಆ ವಿಎಂ ಹಾಸ್ಟೆಲ್ ವೈಫೈನಲ್ಲಿ ಒಂದು ಪೂರ್ತಿ ಕಂಪ್ಯೂಟರೇ. ಅದರ ಒಳಗಿನ ಕ್ರೋಮ್‌ನಲ್ಲಿ ಗೂಗಲ್ ಲಾಗಿನ್ ಬೇರೆ. ಗೋಡೆ ಕಟ್ಟಿ ಕಿಟಕಿ ಬಾಗಿಲೆಲ್ಲ ತೆಗೆದಿಟ್ಟ ಮೇಲೆ ಗೋಡೆ ಇದೆ ಅನ್ನೋ ಧೈರ್ಯ ಎಷ್ಟು ಉಪಯೋಗಕ್ಕೆ ಬರುತ್ತೆ?

ಇಷ್ಟೆಲ್ಲ ಯಾಕೆ? ಒಂದು ಸೆಮಿಸ್ಟರ್ ಬಾಳೋ ವಿಎಂಗೆ ಪರ್ಮನೆಂಟ್ ಆಕ್ಟಿವೇಶನ್ ಬೇಕು ಅಂತ. ವಿಎಂ ಇರೋದೇ ಕೆಲಸ ಮುಗಿದ ಮೇಲೆ ಡಿಲೀಟ್ ಮಾಡೋಕೆ. ಸ್ಟೀಲ್ ಲೋಟ, ತಟ್ಟೆಗೆ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸ್ತಾರೆ, ಸರಿ. ಉಂಡು ಎಸೆಯೋ ಬಾಳೆಲೆ ಮೇಲೆ ಯಾರಾದ್ರೂ ಹೆಸರು ಹಾಕಿಸ್ತಾರಾ?

ನ್ಯಾಯವಾದ ದಾರಿಗಳು ಇವೆ. ವಿಂಡೋಸ್ 11 ಎಂಟರ್‌ಪ್ರೈಸ್‌ನ ಇವ್ಯಾಲ್ಯುಯೇಶನ್ ಆವೃತ್ತಿಯನ್ನ ಮೈಕ್ರೋಸಾಫ್ಟೇ ಉಚಿತವಾಗಿ ಕೊಡುತ್ತೆ, 90 ದಿನ ಓಡುತ್ತೆ. ಸರ್ವರ್ ಆವೃತ್ತಿ 180 ದಿನ. ಇಂಟರ್ನಲ್ಸ್, ರಜೆ ಎಲ್ಲ ಕಳೆದ್ರೆ ನಾವು ನಿಜವಾಗಿ ಲ್ಯಾಬ್ ಮಾಡೋದು 90 ದಿನ ದಾಟಲ್ಲ. ಅವಧಿ ಮುಗಿದ ಮೇಲೆ ಡೆಸ್ಕ್‌ಟಾಪ್ ಕಪ್ಪಾಗುತ್ತೆ, ಗಂಟೆಗೊಮ್ಮೆ ತಾನಾಗೇ ಶಟ್‌ಡೌನ್ ಆಗುತ್ತೆ. ಹಾಗಾಗಿ ವೈವಾ ಹಿಂದಿನ ರಾತ್ರಿ ನೆನಪು ಮಾಡ್ಕೊಂಡ್ರೆ ಆಗಲ್ಲ, ಹಾಕಿದ ದಿನವೇ ತಾರೀಕು ಬರೆದಿಡಿ. ಆಮೇಲೆ ಕೀ ಸಿಕ್ಕಿದ್ರೂ ಆ ಎಂಟರ್‌ಪ್ರೈಸ್ ವಿಎಂ ಪೂರ್ಣ ಆವೃತ್ತಿ ಆಗಲ್ಲ, ಹೊಸದಾಗೇ ಇನ್‌ಸ್ಟಾಲ್ ಮಾಡಬೇಕು. ಹಾಗಂತ ಇದು ಪೂರ್ತಿ ಪರಿಹಾರ ಅಂತ ನಾನು ಹೇಳಲ್ಲ. ಅದನ್ನ ಕೊಟ್ಟಿರೋದು ಪರೀಕ್ಷಿಸಿ ನೋಡೋಕೆ, ಡಿಗ್ರಿ ಮುಗಿಯೋವರೆಗೆ ಬಳಸೋಕಲ್ಲ. ಕೀ ಹಾಕದೆ ಮಾಮೂಲಿ ವಿಂಡೋಸ್ ಓಡಿಸೋದೂ ಅಷ್ಟೇ. ಮೂಲೆಯಲ್ಲಿ ಆಕ್ಟಿವೇಟ್ ಮಾಡಿ ಅನ್ನೋ ಬರಹ, ವಾಲ್‌ಪೇಪರ್ ಬದಲಾಯಿಸೋಕೆ ಬಿಡಲ್ಲ, ಉಳಿದಿದ್ದೆಲ್ಲ ಓಡುತ್ತೆ. ಓಡುತ್ತೆ ಅಂದಮಾತ್ರಕ್ಕೆ ಲೈಸೆನ್ಸ್ ಪ್ರಕಾರ ಸರಿ ಅಂತ ಅಲ್ಲ. ಆದ್ರೂ ಅಡ್ಮಿನ್ ಅಧಿಕಾರ ಕೇಳೋ ಗುರುತು ಪರಿಚಯ ಇಲ್ಲದ ಪ್ರೋಗ್ರಾಮ್‌ಗಿಂತ ಆ ಮೂಲೆಯ ಬರಹ ಸಾವಿರ ಪಾಲು ಮೇಲು.

ವಿಂಡೋಸ್ ಬೇಕೇ ಬೇಕಾ ಅನ್ನೋದು ಬೇರೆ ಪ್ರಶ್ನೆ. 8051ಕ್ಕೆ ಸಿ ಬರೆಯೋಕೆ ಎಸ್‌ಡಿಸಿಸಿ ಅನ್ನೋ ಮುಕ್ತ ಕಂಪೈಲರ್ ಇದೆ, ಅಸೆಂಬ್ಲರ್, ಸಿಮ್ಯುಲೇಟರ್ ಜೊತೆಗೇ ಬರುತ್ತೆ, ಉಬುಂಟುವಿನಲ್ಲಿ ನೇರವಾಗಿ ಓಡುತ್ತೆ. ನಾನು ಮನೇಲಿ ಅದನ್ನೇ ಬಳಸ್ತೀನಿ. ಆದ್ರೆ ಲ್ಯಾಬ್ ಮ್ಯಾನ್ಯುವಲ್‌ನಲ್ಲಿರೋದು ಕೀಲ್‌ನ ಚಿತ್ರಗಳು, ಪರೀಕ್ಷೆಯಲ್ಲಿ ಕೇಳೋದೂ ಕೀಲ್‌ನಲ್ಲೇ, ರೆಕಾರ್ಡ್‌ಗೆ ಅಂಟಿಸಬೇಕಾದ ಔಟ್‌ಪುಟ್ಟೂ ಅದರದ್ದೇ. ಕೀಲ್‌ನ ಉಚಿತ ಆವೃತ್ತಿಯಲ್ಲಿ 8051ಕ್ಕೆ 2 ಕೆಬಿ ಕೋಡ್ ಮಿತಿ ಇದೆ, ನಮ್ಮ ಪ್ರೋಗ್ರಾಮ್‌ಗಳಿಗೆ ಅದು ಧಾರಾಳ. ಅಂದ್ರೆ ಕೀಲ್‌ಗೆ ಕ್ರ್ಯಾಕ್ ಬೇಡ, ಅದನ್ನ ಓಡಿಸೋ ವಿಂಡೋಸ್‌ಗೆ ಬೇಕು!

ಇಲ್ಲಿ ತಪ್ಪು ಬರೀ ಹುಡುಗರದ್ದು ಅಂತ ನನಗೆ ಅನ್ನಿಸಲ್ಲ. ವಿಂಡೋಸ್‌ನಲ್ಲೇ ಓಡೋ ಟೂಲ್ ಕಡ್ಡಾಯ ಮಾಡಿ, ‘ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬನ್ನಿ’ ಅಂತ ಹೇಳಿ, ಲೈಸೆನ್ಸ್ ವಿಷಯ ಬಂದಾಗ ಸುಮ್ಮನಾದ್ರೆ ಹುಡುಗರು ಇನ್ನೆಲ್ಲಿಗೆ ಹೋಗ್ತಾರೆ? ಶಿಕ್ಷಣ ಸಂಸ್ಥೆಗಳು ಮೈಕ್ರೋಸಾಫ್ಟ್ ಜೊತೆ ಮಾಡ್ಕೊಳ್ಳೋ ಕೆಲವು ಒಪ್ಪಂದಗಳಲ್ಲಿ ವಿದ್ಯಾರ್ಥಿಗಳ ಸ್ವಂತ ಕಂಪ್ಯೂಟರ್‌ಗೂ ಪಾಲಿದೆ. ಯಾವುದೇ ಕಾಲೇಜಾಗಲಿ, ತನ್ನ ಒಪ್ಪಂದ ಆ ತರಹದ್ದಾ, ಅದು ವಿಎಂಗೂ ಅನ್ವಯಿಸುತ್ತಾ ಅಂತ ಓದಿ ಹೇಳೋದು ಒಂದು ಮಧ್ಯಾಹ್ನದ ಕೆಲಸ. ಕ್ಲಾಸ್ ರೆಪ್‌ಗಳು ಲ್ಯಾಬ್ ಇನ್‌ಚಾರ್ಜ್ ಸರ್ ಹತ್ತಿರ ಇದನ್ನ ಬಾಯಿಮಾತಲ್ಲಿ ಅಲ್ಲ, ಲೆಟರ್ ಬರೆದು ಕೇಳಬೇಕು. ಪಾಲು ಇದ್ರೆ ಕೀ ಎಲ್ಲಿ ಸಿಗುತ್ತೆ, ಇಲ್ಲದಿದ್ರೆ ಎಸ್‌ಡಿಸಿಸಿ ಔಟ್‌ಪುಟ್ ರೆಕಾರ್ಡ್‌ನಲ್ಲಿ ನಡೆಯುತ್ತಾ, ಇಷ್ಟನ್ನ ಮುಂದಿನ ಬ್ಯಾಚ್‌ನ ಲ್ಯಾಬ್ ಮ್ಯಾನ್ಯುವಲ್‌ನ ಮೊದಲ ಪುಟದಲ್ಲೇ ಅಚ್ಚು ಹಾಕಿಸಲಿ.